ಮೀನಿನ ಪೀಪಾಯಿಯಲ್ಲಿ ಒಂಬತ್ತು ಕ್ಯೂಬು

ನಮ್ಮ ದುಮ್ಯಾತಿನವರು ಜಿಪುಣರು ಅಂತ ಇಡೀ ಈಜಿಪ್ಟು ಆಡಿಕೊಳ್ಳುತ್ತದೆ. ಮನೆಗೆ ಬಂದ ನೆಂಟರನ್ನು "ಊಟ ಮಾಡ್ತೀರೋ, ಹಗುರವಾಗಿ ಮಲಗ್ತೀರೋ" ಅಂತ ಕೇಳುತ್ತೇವಂತೆ. ಆಡಿಕೊಳ್ಳುವವರ ಬಾಯಿಗೆ ಬೀಗ ಹಾಕೋಕಾಗುತ್ತದೆಯೇ? ಆದರೆ ಒಂದು ಮಾತು ನಿಜ. ನಾವು ಏನನ್ನೂ ಸುಲಭಕ್ಕೆ ಎಸೆಯುವುದಿಲ್ಲ. ಆ ಒಂಬತ್ತು ಕ್ಯೂಬುಗಳನ್ನು ಎಸಿ ಅಂತ ದೊಡ್ಡವರೇ ಹೇಳಿದರೂ ನನ್ನ ಕೈ ಬರಲಿಲ್ಲ. ಆಮೇಲೆ ಆದದ್ದಕ್ಕೆಲ್ಲ ಅದೇ ಕಾರಣ.

ನನ್ನ ಹೆಸರು ಫರ್ಗಲಿ. ಸಮುದ್ರದ ತಡೆಗೋಡೆ, ಬಂದರಿನ ಕಟ್ಟೆ, ಸೇತುವೆ ಇಂಥವಕ್ಕೆ ಹಾಕುವ ಕಾಂಕ್ರೀಟನ್ನು ಪರೀಕ್ಷೆ ಮಾಡುವ ಲ್ಯಾಬಿನಲ್ಲಿ ಮೂವತ್ತೊಂದು ವರ್ಷದಿಂದ ಮಷೀನು ನಡೆಸುತ್ತಿದ್ದೇನೆ. ಕೆಲಸ ನಡೆಯುವ ಜಾಗದಿಂದ ಕಾಂಕ್ರೀಟಿನ ಕ್ಯೂಬು ಮಾಡಿ ಕಳಿಸುತ್ತಾರೆ. ನಾನು ಅದನ್ನು ಮಷೀನಿನ ದವಡೆಗೆ ಕೊಟ್ಟು, ಎಷ್ಟು ಭಾರಕ್ಕೆ ಒಡೆಯಿತು ಅಂತ ಬರೆಯುತ್ತೇನೆ. ಊರೆಲ್ಲ ಕಟ್ಟಿ ಬದುಕಿದರೆ ನಾನು ಒಡೆದು ಬದುಕಿದವನು.

ಲ್ಯಾಬಿನ ಮುಖ್ಯಸ್ಥರು ಡಾಕ್ಟರ್ ಸಿದ್ಕಿ. ಅರವತ್ತು ದಾಟಿದ್ದರೂ ತಲೆಗೂದಲು ಮಾತ್ರ ಇಪ್ಪತ್ತೈದರದ್ದು, ಶುಕ್ರವಾರಕ್ಕೊಮ್ಮೆ ಬಣ್ಣ. ಬೆರಳಿನಲ್ಲೊಂದು ನೀಲಿ ಹರಳಿನ ಉಂಗುರ. ಕ್ಯೂಬು ಮಷೀನಿಗೆ ಹೋಗುವ ಮೊದಲು ಅದನ್ನು ಉಂಗುರದಿಂದ ಎರಡು ಸಲ ಕುಟ್ಟಿ, ಕಿವಿಗೊಟ್ಟು, ಅದರ ಬಲ "ಮೂವತ್ತೆರಡು" ಅನ್ನುತ್ತಿದ್ದರು. ಮಷೀನು ಮೂವತ್ತೊಂದು ಅನ್ನುತ್ತಿತ್ತು, ಇಲ್ಲವೇ ಮೂವತ್ತಮೂರು. ಸುಳ್ಳು ಹೇಳಬಾರದು, ಆ ಮನುಷ್ಯನ ಕಿವಿಯಲ್ಲಿ ವಿದ್ಯೆ ಇತ್ತು. ಅದಕ್ಕೇ ಅವರ ಮಾತಿಗೆ ಎದುರಾಡುವವರು ಇರಲಿಲ್ಲ. ಅವರ ಕಾನೂನು ಒಂದೇ. ಏಳು ದಿನಕ್ಕೆ ಕ್ಯೂಬು ಗಟ್ಟಿಯಾಗಿರಬೇಕು. ಆಗಲಿಲ್ಲವೋ, ಅದರ ಹಣೆಬರಹ ಮುಗಿಯಿತು.

ಅಂಥ ಲ್ಯಾಬಿಗೆ ನಾಲ್ಕು ವರ್ಷದ ಹಿಂದೆ ಬುಸೈನಾ ಬಂದಳು. ಸರೋವರದ ಆಚೆಯ ಭತ್ತದ ಹಳ್ಳಿಯವಳು. ಅಕ್ಕಿ ಗಿರಣಿಯ ಗೋಡೆಗೆ ಆತುಕೊಂಡೇ ಇವಳ ಮನೆ. ಶರತ್ಕಾಲ ಬಂತೆಂದರೆ ಗಿರಣಿಯವರು ಉಮಿಯನ್ನು ಗುಡ್ಡೆ ಹಾಕಿ ಸುಡುತ್ತಿದ್ದರಂತೆ. ಒಣಹಾಕಿದ ಬಟ್ಟೆಯೆಲ್ಲ ಕಪ್ಪು, ಅಜ್ಜಿಗೆ ಎರಡು ತಿಂಗಳು ಕೆಮ್ಮು. ಓದಿ ಇಂಜಿನಿಯರಾದ ಮೇಲೆ ಆ ಬೂದಿಯ ಮೇಲೆ ಸೇಡು ತೀರಿಸಿಕೊಳ್ಳಬೇಕು ಅನ್ನಿಸಿತೋ ಏನೋ, ಅದನ್ನೇ ಕಾಂಕ್ರೀಟಿನಲ್ಲಿ ಹೂಳಿಬಿಡುತ್ತೇನೆ ಅಂತ ಹೊರಟಿದ್ದಳು.

ವಿಷಯ ಅಷ್ಟೇನೂ ಕಷ್ಟದ್ದಲ್ಲ. ನಮ್ಮ ಕರಾವಳಿಯಲ್ಲಿ ಕಾಂಕ್ರೀಟಿಗೆ ಶತ್ರು ಅಲೆಯಲ್ಲ, ಉಪ್ಪು. ಕಣ್ಣಿಗೆ ಕಾಣದ ತೂತುಗಳಲ್ಲಿ ಉಪ್ಪು ಒಳಗಿಳಿಯುತ್ತದೆ, ಒಳಗಿನ ಕಬ್ಬಿಣದ ಸರಳಿಗೆ ತುಕ್ಕು ಹಿಡಿಯುತ್ತದೆ, ತುಕ್ಕು ಹಿಡಿದ ಕಬ್ಬಿಣ ಉಬ್ಬಿ ಗೋಡೆಯನ್ನು ಸೀಳುತ್ತದೆ. ಹದಿನೈದು ವರ್ಷಕ್ಕೆಲ್ಲ ತಡೆಗೋಡೆ ಹಳೇ ಬಿಸ್ಕತ್ತಿನ ಹಾಗೆ ಉದುರುವುದನ್ನು ನಾನೇ ಕಂಡಿದ್ದೇನೆ. ಸಿಮೆಂಟಿನಲ್ಲಿ ಒಂದು ಪಾಲು ತೆಗೆದು ಆ ಜಾಗಕ್ಕೆ ಒಳ್ಳೆ ಬೂದಿ ಹಾಕಿದರೆ ಅದು ನಿಧಾನವಾಗಿ ಆ ತೂತುಗಳನ್ನು ತುಂಬುತ್ತದೆ ಅನ್ನುವುದು ಬುಸೈನಾಳ ವಾದ. ಕಲ್ಲಿದ್ದಲು ಉರಿಸುವ ವಿದ್ಯುತ್ ಸ್ಥಾವರಗಳ ಹೊಗೆಯಿಂದ ಹಿಡಿದ ಹಾರುಬೂದಿ ನಮಗೆ ಹಿಂದೂಸ್ತಾನದಿಂದ ಹಡಗಿನಲ್ಲಿ ಬರುತ್ತಿತ್ತು. ಅದನ್ನೂ ಅವಳು ಪರೀಕ್ಷೆಗೆ ತೆಗೆದುಕೊಂಡಳು. ಜೊತೆಗೆ ತನ್ನೂರಿನ ಉಮಿ ಬೂದಿಯನ್ನೂ.

"ಸಮುದ್ರ ದಾಟಿ ಬರೋ ಬೂದಿನ ಕೈ ಮುಗಿದು ಇಳಿಸ್ಕೋತೀವಿ, ಮನೆ ಬಾಗಿಲಲ್ಲಿರೋ ಬೂದಿಗೆ ಮೂಗು ಮುಚ್ಕೋತೀವಿ. ಇದ್ಯಾವ ನ್ಯಾಯ ಮಾಮ?" ಅಂತ ನನ್ನನ್ನು ಕೇಳಿದ್ದಳು.

ನನಗೇನು ಗೊತ್ತು ನ್ಯಾಯ. ಉಮಿ ಸುಡಲು ಹಳೇ ಎಣ್ಣೆ ಡ್ರಮ್ಮಿಗೆ ತೂತು ಕೊರೆದು ಕೊಟ್ಟವನು ನಾನು. ಬೆಂಕಿ ಜಾಸ್ತಿಯಾದರೆ ಬೂದಿಯಲ್ಲಿ ಸತ್ವ ಹೋಗುತ್ತದೆ, ಕಡಿಮೆಯಾದರೆ ಇದ್ದಿಲು ಉಳಿಯುತ್ತದೆ. ಅವಳು ಡ್ರಮ್ಮಿನ ಮುಂದೆ ಕೂತು, ಬಾಣಂತಿಗೆ ಗಂಜಿ ಕಾಯಿಸುವವರ ಹಾಗೆ ಉರಿ ನೋಡುತ್ತಿದ್ದಳು. ಆಮೇಲೆ ಅದನ್ನು ಹಿಟ್ಟಿನಂತೆ ಬೀಸಬೇಕು. ಬೀಸಿದವನೂ ನಾನೇ. ಒಂದು ವಾರ ನನ್ನ ಮೂಗು ಒಲೆಯ ಚಿಮಣಿಯಂತಿತ್ತು. ಹೆಂಡತಿ ಬೇರೆ ಕೆಲಸ ಹಿಡಿದೆಯೋ ಅಂತ ಕೇಳಿದಳು.

ಏಳನೇ ದಿನ ಒಡೆದು ನೋಡಿದೆವು. ಸಾದಾ ಸಿಮೆಂಟಿನ ಕ್ಯೂಬು ಮೂವತ್ತು ಕೊಟ್ಟಿತು. ಹಾರುಬೂದಿಯದ್ದು ಇಪ್ಪತ್ತೊಂದು, ಉಮಿ ಬೂದಿಯದ್ದು ಇಪ್ಪತ್ತಮೂರು.

ಡಾಕ್ಟರ್ ಸಿದ್ಕಿ ಕಾಗದ ನೋಡಿ ಕನ್ನಡಕ ತೆಗೆದರು. "ಇಂಜಿನಿಯರಮ್ಮ, ಕಾಂಕ್ರೀಟಿಗೆ ಅಕ್ಕಿ ಹಾಕಿದ್ದಾಯ್ತು. ಇನ್ನು ಬೇಳೆ, ಹುರಿದ ಈರುಳ್ಳಿ ಎರಡು ಹಾಕ್ಬಿಡಿ. ಕುಶರಿ ಆಗುತ್ತೆ, ಮಧ್ಯಾಹ್ನ ಎಲ್ಲರೂ ತಿನ್ನೋಣ."

ಬುಸೈನಾಳಿಗೂ ಬಾಯಿ ಇತ್ತು. "ಡಾಕ್ಟರೇ, ಹುಟ್ಟಿದ ಏಳನೇ ದಿನ ನಾವು ಮಗುವಿನ ಕಿವಿ ಹತ್ರ ಒರಳು ಕುಟ್ಟಿ ಹಬ್ಬ ಮಾಡ್ತೀವಿ. ಎದ್ದು ಓಡಾಡಲಿಲ್ಲ ಅಂತ ಬೀದಿಗೆ ಬಿಸಾಡ್ತೀವಾ?"

ಆ ಮಾತು ನಾನು ನಗದೇ ಇದ್ದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ನಾನು ನಕ್ಕುಬಿಟ್ಟೆ. ಡಾಕ್ಟರು ನನ್ನ ಕಡೆ ಒಂದು ಸಲ, ಅವಳ ಕಡೆ ಒಂದು ಸಲ ನೋಡಿ, ಹೊಟ್ಟು ಕುಟ್ಟಿ ಅಕ್ಕಿ ತೆಗೆದವರನ್ನು ತಾನು ಕಂಡಿಲ್ಲ ಅಂದರು. ಇಪ್ಪತ್ತೆಂಟನೇ ದಿನದ ತನಕ ಒಲ್ಲದ ಮನಸ್ಸಿನಿಂದ ಬಿಟ್ಟರು. ಅಷ್ಟು ಹೊತ್ತಿಗೆ ಬೂದಿಯ ಕ್ಯೂಬುಗಳು ಸಾದಾ ಕ್ಯೂಬಿನ ಹೆಗಲಿಗೆ ಬಂದಿದ್ದವು. ಬುಸೈನಾ ಇನ್ನೊಂದು ವರ್ಷ ಇವನ್ನು ಉಪ್ಪುನೀರಲ್ಲಿ ಇಟ್ಟು ನೋಡಬೇಕು, ತೊಟ್ಟಿಯಲ್ಲಿ ಒಂದು ಮೂಲೆ ಕೊಡಿ ಅಂತ ಬೇಡಿದಳು. ಡಾಕ್ಟರು ಬಂದರಿನ ಕೆಲಸದ ಕ್ಯೂಬುಗಳಿಗೇ ತೊಟ್ಟಿಯಲ್ಲಿ ಜಾಗವಿಲ್ಲ, ಉಳಿದ ಒಂಬತ್ತನ್ನೂ ಹಿತ್ತಿಲ ಕಸಕ್ಕೆ ಹಾಕು ಅಂತ ನನಗೆ ಹೇಳಿ ಬಾಗಿಲು ಹಾಕಿಕೊಂಡರು.

ಬುಸೈನಾ ಅಳುವ ಪೈಕಿಯಲ್ಲ. ಸಿಟ್ಟು ಬಂದರೆ ಹುರಿದ ಕಲ್ಲಂಗಡಿ ಬೀಜ ಒಡೆಯುತ್ತಾಳೆ. ಅವತ್ತು ಹಿಂದಿನ ಮೆಟ್ಟಿಲ ಮೇಲೆ ಕೂತು ಒಡೆದ ಬೀಜದ ಸಿಪ್ಪೆ ಅವಳ ಚಪ್ಪಲಿ ಮುಚ್ಚುವಷ್ಟಾಗಿತ್ತು. ಒಂಬತ್ತು ಕ್ಯೂಬುಗಳು ಅವಳ ಪಕ್ಕದಲ್ಲಿದ್ದವು. ಮೂರು ಸಾದಾ, ಮೂರು ಹಾರುಬೂದಿ, ಮೂರು ಉಮಿ ಬೂದಿ. ಹಸಿಯಿದ್ದಾಗ ಮೊಳೆಯಿಂದ ಒಂದರಿಂದ ಒಂಬತ್ತರವರೆಗೆ ಅಂಕಿ ಗೀಚಿದ್ದಳು. ಯಾವ ಅಂಕಿ ಯಾವುದು ಅಂತ ಅವಳ ನೋಟ್‌ಬುಕ್ಕಿಗೆ ಮಾತ್ರ ಗೊತ್ತು.

ನಾನು ಅವನ್ನು ನನ್ನ ಮೂರುಗಾಲಿ ಗಾಡಿಗೆ ಹೇರಿಕೊಂಡೆ. ಮಾರನೆಯ ದಿನ ಡಾಕ್ಟರು ಎಸೆದೆಯಾ ಅಂತ ಕೇಳಿದಾಗ, ನೀರಿಗೆ ಹಾಕಿದೆ ಸಾಹೇಬರೇ ಅಂದೆ. ಅದರಲ್ಲಿ ಒಂದಕ್ಷರವೂ ಸುಳ್ಳಲ್ಲ.

ಹಾಕಿದ್ದು ನನ್ನ ಅಕ್ಕ ಸನಿಯ್ಯಾಳ ಹಿತ್ತಿಲಲ್ಲಿ. ಅಕ್ಕನಿಗೆ ನದಿಯ ಆಚೆ ದಡದ ಮೀನುಗಾರರ ಊರಿನಲ್ಲಿ ಫಸೀಖ್ ಅಂಗಡಿ. ಬೂರಿ ಮೀನನ್ನು ಉಪ್ಪಿನಲ್ಲಿ ಹುದುಗಿಸಿ ವಸಂತದ ಹಬ್ಬ ಶಮ್ಮುನ್ನಸೀಮಿಗೆ ಮಾರುತ್ತಾಳೆ. ಗಂಡ ಸತ್ತ ಮೇಲೆ ಒಬ್ಬಳೇ ನಡೆಸಿಕೊಂಡು ಬಂದ ವ್ಯಾಪಾರ. ಮೀನು ತೆಗೆದ ಮೇಲೆ ಪೀಪಾಯಿಯಲ್ಲಿ ಉಳಿಯುವ ನೀರಿಗೆ ಸಮುದ್ರಕ್ಕಿಂತ ಆರೇಳು ಪಟ್ಟು ಉಪ್ಪು. ಬುಸೈನಾಗೆ ಅದನ್ನು ಅಳೆದು ತೋರಿಸಿದಾಗ ಅವಳ ಮುಖ ನೋಡಬೇಕಿತ್ತು, ಮದುವೆಗೆ ಬಂಗಾರ ತಂದುಕೊಟ್ಟ ಹಾಗೆ.

ಅಕ್ಕ ಮಾತ್ರ ಸೊಂಟದ ಮೇಲೆ ಕೈಯಿಟ್ಟು ನಿಂತಳು. "ಮೀನಿನ ಜೊತೆ ಸಿಮೆಂಟು ಹಾಕ್ತೀಯಾ? ತಿಂದೋರ ಹೊಟ್ಟೇಲಿ ಗೋಡೆ ಎದ್ರೆ ಕೆಡವೋಕೆ ನೀನ್ ಬರ್ತೀಯೇನೋ?"

ಮೀನಿರುವ ಪೀಪಾಯಿ ಬೇಡ, ಖಾಲಿಯಾದದ್ದು ಕೊಡು, ಚೆಲ್ಲುವ ಉಪ್ಪುನೀರು ಕೊಡು ಅಂತ ಕಾಲು ಹಿಡಿದೆ. ಕೊನೆಗೆ ಹಿಂಬಾಗಿಲ ಹತ್ತಿರದ ಹಳೇ ಮರದ ಪೀಪಾಯಿ ತೋರಿಸಿದಳು. ಕ್ಯೂಬುಗಳನ್ನು ಇಳಿಸಿ, ಉಪ್ಪುನೀರು ತುಂಬಿ, ಮುಚ್ಚಳ ಬಡಿದು, ನಾತ ಬಾರದ ಹಾಗೆ ಸುತ್ತ ಟಾರು ಬಳಿದೆ. ಉಳಿದ ಪೀಪಾಯಿಗಳಿಗೆ ಬರೆಯುವ ಹಾಗೆ ಅದರ ಮೇಲೂ ಅಕ್ಕ ಕೆಂಪು ಬಣ್ಣದಲ್ಲಿ ತಾರೀಕು ಬರೆದಳು.

ಎರಡು ದಿನ ಕಳೆದಿರಲಿಲ್ಲ. ಅಕ್ಕನ ಅಂಗಡಿಯ ಹಿಂದೆ ಬಲೆ ಇಡುವ ಕೋಣೆಯಲ್ಲಿ ನಾನು ಚಹಾ ಕುಡಿಯುತ್ತಿದ್ದೆ, ಹಿಂಬಾಗಿಲಿನಿಂದ ಯಾರೋ ಕಳ್ಳನ ಹಾಗೆ ಒಳಗೆ ಬಂದರು. ನೋಡಿದರೆ ಡಾಕ್ಟರ್ ಸಿದ್ಕಿ. ನಾನು ಬಲೆಯ ಹಿಂದೆ ಸರಿದೆ. ಆಮೇಲೆ ಅಕ್ಕ ಹೇಳಿದಳು, ಈ ಮನುಷ್ಯ ಪ್ರತಿ ವಸಂತದಲ್ಲೂ ಹೀಗೇ ಬರುತ್ತಾರೆ, ರಕ್ತದೊತ್ತಡ ಅಂತ ಮನೆಯಲ್ಲಿ ಹೆಂಡತಿ ಉಪ್ಪು ಮೀನಿನ ಹೆಸರೆತ್ತಲೂ ಬಿಡುವುದಿಲ್ಲ, ಇಲ್ಲೇ ನಿಂತು ತಿಂದು ಬಾಯಿಗೆ ಲವಂಗ ಹಾಕಿಕೊಂಡು ಹೋಗುತ್ತಾರೆ ಅಂತ. ಅವತ್ತು ಕಾಲು ನೋವೋ ಏನೋ, ಕೂರಲು ಜಾಗ ಹುಡುಕಿದರು. ಕೂತದ್ದು ನನ್ನ ಪೀಪಾಯಿಯ ಮೇಲೆ. ರೊಟ್ಟಿ, ನಿಂಬೆ, ಹಸಿ ಈರುಳ್ಳಿ ಜೊತೆ ಎರಡು ಮೀನು ಮುಗಿಸಿದರು. ಏಳುವಾಗ ಪ್ಯಾಂಟು ಟಾರಿಗೆ ಅಂಟಿಕೊಂಡಿತ್ತು. ಎಳೆದುಕೊಂಡು, ಇದರಲ್ಲೇನಿದೆ ಸನಿಯ್ಯಾ ಅಂತ ಕೇಳಿದರು.

"ಕಲ್ಲು" ಅಂದಳು ಅಕ್ಕ.

"ದುಮ್ಯಾತಿನೋರು ಕಲ್ಲಿಗೂ ಉಪ್ಪಿನಕಾಯಿ ಹಾಕ್ತಾರೆ ಅನ್ನೋದು ಈಗ ಗೊತ್ತಾಯ್ತು" ಅಂತ ಅವರು ನಗುತ್ತಾ ಹೋದರು. ಆಮೇಲೆ ನಾನು ಬಲೆಯ ಹಿಂದಿನಿಂದ ಹೊರಗೆ ಬಂದೆ.

ವರ್ಷ ಉರುಳಿತು. ಬುಸೈನಾ ಬಂದರಿನ ಕ್ಯೂಬು ನೋಡಿಕೊಂಡು, ಡಾಕ್ಟರ ಕುಶರಿ ಜೋಕು ಕೇಳಿಕೊಂಡು ಬೂದಿ ಮುಚ್ಚಿದ ಕೆಂಡದ ಹಾಗೆ ಇದ್ದಳು. ಮತ್ತೆ ವಸಂತ ಬಂತು. ಹದಿಮೂರು ತಿಂಗಳಾಗಿತ್ತು. ಹಬ್ಬಕ್ಕೆ ಒಂದು ವಾರ ಇದ್ದಾಗ ಒಂದು ಮಧ್ಯಾಹ್ನ, ಕ್ಯೂಬು ತೆಗೆದು ತರೋಣ ಅಂತ ನಾನು ಗಾಡಿ ತೆಗೆದುಕೊಂಡು ಅಕ್ಕನ ಅಂಗಡಿಗೆ ಹೋದೆ. ಹೋದರೆ ಪೀಪಾಯಿಯ ಮೇಲೆ ಆಗಲೇ ಡಾಕ್ಟರು ಕೂತಿದ್ದಾರೆ, ಕೈಯಲ್ಲಿ ಅರ್ಧ ರೊಟ್ಟಿ. ನಾನು ಮತ್ತೆ ಬಲೆಯ ಹಿಂದೆ.

ಅಷ್ಟರಲ್ಲಿ ಮುಂಬಾಗಿಲಿನಿಂದ ಆಹಾರ ತಪಾಸಣೆಯವರು ಬಂದರು. ಹಬ್ಬದ ಮುಂಚೆ ಅವರು ಪ್ರತಿವರ್ಷ ಬರುವುದೇ. ಈ ಸಲ ಹೊಸ ಅಧಿಕಾರಿ, ಹನಫಿ ಅಂತ, ಬೇರೆ ಊರಿನಿಂದ ವರ್ಗವಾಗಿ ಬಂದವನು. ತೆಳ್ಳನೆಯ ಮನುಷ್ಯ, ಉದ್ದ ಮೂಗು. ಆ ಮೂಗೇ ಅವನ ಆಯುಧ. ಪೀಪಾಯಿ ಪೀಪಾಯಿಗೂ ಬಗ್ಗಿ ಮೂಸಿದ, ಮೀನು ಒತ್ತಿ ನೋಡಿದ, ತಲೆಯಾಡಿಸಿದ. ಅಕ್ಕನ ಸರಕಿನಲ್ಲಿ ತಪ್ಪು ಹುಡುಕಲು ಅವನಪ್ಪನಿಗೂ ಆಗುತ್ತಿರಲಿಲ್ಲ. ಕೊನೆಗೆ ಹಿಂಬಾಗಿಲ ಪೀಪಾಯಿಗೆ ಬಂದು, ಎದ್ದೇಳಿ ಅಂತ ಡಾಕ್ಟರಿಗೆ ಹೇಳಿದ.

ಮುಚ್ಚಳದ ಟಾರು ಒಣಗಿ ಬಿರಿದಿತ್ತು. ಉಳಿ ಹಾಕಿ ಎಬ್ಬಿಸಿದಾಗ ಬಂದ ನಾತಕ್ಕೆ ಬೀದಿಯ ಬೆಕ್ಕುಗಳೆಲ್ಲ ಒಂದೇ ಸಲ ಬಾಗಿಲಿಗೆ ಬಂದವು. ಕಪ್ಪು ನೀರಿನೊಳಗೆ ಕೈಹಾಕಿ ಹನಫಿ ಒಂದೊಂದಾಗಿ ಒಂಬತ್ತು ಕ್ಯೂಬು ಎತ್ತಿಟ್ಟ. ಇದೇನಮ್ಮ ಅಂದ. ಪೀಪಾಯಿ ನನ್ನದು, ಒಳಗಿರುವುದು ಕಲ್ಲು, ಕಲ್ಲು ಇಡಬಾರದು ಅಂತ ಕಾನೂನಿದ್ದರೆ ಓದಿ ಹೇಳಿ ಅಂದಳು ಅಕ್ಕ. ಅವನಿಗೆ ತೂಕದ ಮೋಸ ಅಂತ ಅನುಮಾನ. ಮಹಜರು ಬರೆಯಲು ಕೂತ. ಸಾಕ್ಷಿ ಬೇಕಲ್ಲ, ಅಲ್ಲೇ ನಿಂತಿದ್ದ ಡಾಕ್ಟರ ಹೆಸರು ಕೇಳಿದ. ಹೆಸರು ಸಿದ್ಕಿ ಅಂದರು. ಕಸುಬು? ನಮ್ಮೂರಿನಲ್ಲಿ ಕಲ್ಲು ಬೀಸಿದರೆ ಬೀಳುವುದು ಮಂಚ ಮಾಡುವವನ ಮೇಲೆ. "ಬಡಗಿ" ಅಂದುಬಿಟ್ಟರು.

ಅಲ್ಲಿಗೆ ಸುಮ್ಮನಿದ್ದಿದ್ದರೆ ಪಾರಾಗುತ್ತಿದ್ದರು. ಆದರೆ ಹನಫಿ ಕ್ಯೂಬನ್ನು ತಿರುಗಿಸಿ ನೋಡುತ್ತಾ, ಇದು ಸುಣ್ಣದಕಲ್ಲೋ ಮರಳುಗಲ್ಲೋ ಅಂತ ಗೊಣಗಿದ. ಡಾಕ್ಟರಿಗೆ ತಡೆಯಲಾಗಲಿಲ್ಲ. ಉಂಗುರದ ಕೈ ತಾನಾಗಿ ಹೋಯಿತು. ಎರಡು ಸಲ ಕುಟ್ಟಿ ಕಿವಿಗೊಟ್ಟರು.

"ಕಾಂಕ್ರೀಟು. ನಲವತ್ತರ ಮೇಲಿದೆ."

"ಬಡಗಿಗೆ ಇದೆಲ್ಲ ಹೇಗ್ರೀ ಗೊತ್ತು?"

"ನಮ್ಮಣ್ಣ ಗಾರೆ ಕೆಲಸದೋನು" ಅಂದರು ಡಾಕ್ಟರು. ಆಮೇಲೆ, ನೋಟ ತನ್ನ ಮೇಲಿಂದ ಸರಿಯಲಿ ಅಂತಲೋ ಏನೋ, ಈ ಊರಿನಲ್ಲಿ ಇದಕ್ಕೆಂದೇ ಲ್ಯಾಬು ಇದೆ, ಅಲ್ಲಿಗೆ ಕಳಿಸಿ ಅಂತ ಸಲಹೆ ಕೊಟ್ಟು ಜಾಗ ಖಾಲಿ ಮಾಡಿದರು.

ಹನಫಿ ಹೇಳಿದ್ದನ್ನು ಮಾಡುವ ಮನುಷ್ಯ. ನಾಲ್ಕನೇ ದಿನ ಒಂಬತ್ತು ಕ್ಯೂಬು ಚೀಲದಲ್ಲಿ, ಚೀಲದ ಬಾಯಿಗೆ ಕೆಂಪು ಅರಗಿನ ಮುದ್ರೆ, ಜೊತೆಗೆ ಪೀಪಾಯಿಯ ಮುಚ್ಚಳ, ಒಂದು ಸರ್ಕಾರಿ ಕಾಗದ. ಈ ವಸ್ತುಗಳು ಯಾವುವು, ಇವುಗಳೊಳಗೆ ಎಷ್ಟು ಉಪ್ಪು ಇಳಿದಿದೆ, ಎಷ್ಟು ಕಾಲ ಪೀಪಾಯಿಯಲ್ಲಿದ್ದವು ಅಂತ ಮುಖ್ಯಸ್ಥರು ಸ್ವತಃ ನಿಂತು ಪರೀಕ್ಷಿಸಿ ಸಹಿ ಹಾಕಬೇಕು, ಮುದ್ರೆ ಒಡೆಯುವಾಗ ಅಧಿಕಾರಿಯೂ ಅಂಗಡಿಯ ಯಜಮಾನಿಯೂ ಹಾಜರಿರುತ್ತಾರೆ ಅಂತ ಬರೆದಿತ್ತು.

ಕಾಗದ ಓದಿ ಡಾಕ್ಟರ ಮುಖ ಸಿಮೆಂಟಿನ ಬಣ್ಣಕ್ಕೆ ತಿರುಗಿತು. ಬುಸೈನಾಳನ್ನು ಕರೆದು ನೀವೇ ನೋಡಿಕೊಳ್ಳಿ ಅಂದರು. ಅವಳು ಕಾಗದದ ಮೇಲೆ ಬೆರಳಿಟ್ಟು, 'ಸ್ವತಃ' ಅಂತ ಬರೆದಿದ್ದಾರೆ ಡಾಕ್ಟರೇ ಅಂದಳು. ಆ ಚೀಲದಲ್ಲಿರುವುದು ಏನು ಅಂತ ನನ್ನಿಂದ ಅವಳಿಗೆ ಗೊತ್ತಾಗಿತ್ತು. ಎರಡು ದಿನದಿಂದ ಒಂದೇ ಒಂದು ಬೀಜ ಒಡೆದಿರಲಿಲ್ಲ.

ಪರೀಕ್ಷೆಯ ಬೆಳಗ್ಗೆ ಡಾಕ್ಟರು ಬಂದ ವೇಷ ನಾನು ಸಾಯುವ ತನಕ ಮರೆಯುವುದಿಲ್ಲ. ಕಣ್ಣಿಗೆ ದೊಡ್ಡ ಕನ್ನಡಕ, ಮೂಗು ಬಾಯಿಗೆ ಧೂಳಿನ ಮುಸುಕು, ಕಿವಿ ಮುಚ್ಚುವ ಟೋಪಿ, ಮೊಣಕೈ ತನಕ ಕೈಗವಸು. ಮೂವತ್ತೊಂದು ವರ್ಷದಲ್ಲಿ ಅವರು ಒಂದು ಹೆಲ್ಮೆಟ್ಟು ಹಾಕಿದ್ದು ನಾನು ಕಂಡಿಲ್ಲ. ಸುರಕ್ಷತೆ ಮುಖ್ಯ ಅಂತ ಮುಸುಕಿನೊಳಗಿಂದ ಹೇಳಿದರು. ಹನಫಿಗೆ ಬಹಳ ಮೆಚ್ಚುಗೆಯಾಯಿತು. ಅಕ್ಕ ಸನಿಯ್ಯಾ ಮೂಲೆಯ ಸ್ಟೂಲಿನ ಮೇಲೆ ಕೂತು ಆ ವೇಷವನ್ನು ಮೇಲಿಂದ ಕೆಳಗಿನ ತನಕ ನೋಡಿ, ಮುಖ ಗೋಡೆಯ ಕಡೆ ತಿರುಗಿಸಿಕೊಂಡಳು. ಅವಳ ಭುಜ ಕುಲುಕುತ್ತಿತ್ತು.

ಮುದ್ರೆ ಒಡೆದೆವು. ಕಿಟಕಿಗಳನ್ನೆಲ್ಲ ತೆರೆದೆವು. ಬುಸೈನಾ ಮೊದಲೇ ಹೇಳಿಕೊಟ್ಟಿದ್ದ ಹಾಗೆ ಒಂದೊಂದು ಜಾತಿಯಿಂದ ಒಂದೊಂದು ಕ್ಯೂಬನ್ನು ಮಷೀನಿಗೆ ಕೊಟ್ಟೆ. ಯಾವುದು ಯಾವ ಜಾತಿ ಅಂತ ಡಾಕ್ಟರಿಗೆ ಗೊತ್ತಿಲ್ಲ, ಒಂದು, ನಾಲ್ಕು, ಏಳು ಅಂತ ಅಂಕಿ ಮಾತ್ರ. ಒಂದನೆಯದು ಮೂವತ್ತಾರಕ್ಕೆ ಪುಡಿಯಾಯಿತು. ನಾಲ್ಕನೆಯದು ನಲವತ್ತೊಂದು. ಏಳನೆಯದು ನಲವತ್ತನಾಲ್ಕರ ತನಕ ಹಟ ಹಿಡಿದು, ಆಮೇಲೆ ಒಡೆದ ಸದ್ದಿಗೆ ಕಿಟಕಿಯ ಗಾಜು ಅದುರಿತು. ಡಾಕ್ಟರು ಮುಸುಕಿನೊಳಗೇ "ಓಹೋ" ಅಂದರು.

ಉಳಿದವುಗಳನ್ನು ಉಳಿಯಿಟ್ಟು ನಡುವೆ ಸೀಳಿ, ಸೀಳಿದ ಮುಖಕ್ಕೆ ಬೆಳ್ಳಿಯ ದ್ರಾವಣ ಚಿಮುಕಿಸಿದೆವು. ಉಪ್ಪು ಇಳಿದಿರುವ ಕಡೆ ಬೆಳ್ಳಗಾಗುತ್ತದೆ, ಇಳಿಯದ ಕಡೆ ಕಂದು. ಎರಡನೆಯದು, ಮೂರನೆಯದು ಹೆಚ್ಚುಕಡಿಮೆ ಪೂರ್ತಿ ಬಿಳಿ, ನಟ್ಟನಡುವೆ ಖರ್ಜೂರದಷ್ಟು ಕಂದು. ಐದನೆಯದಕ್ಕೆ, ಆರನೆಯದಕ್ಕೆ ಒಂದು ಬೆರಳಗಲ ಬಿಳಿ ಅಂಚು. ಎಂಟು, ಒಂಬತ್ತಕ್ಕೆ ಅದೂ ಇಲ್ಲ. ಸುತ್ತ ಕಿರುಬೆರಳಗಲದ ಬಿಳಿ ಗೆರೆ, ಒಳಗೆಲ್ಲ ಕಂದು, ಸುಟ್ಟ ರೊಟ್ಟಿಯ ಹಾಗೆ.

ಹನಫಿಗೆ ಬೆಳ್ಳಿಯ ಮೇಲೆ ನಂಬಿಕೆ ಸಾಲದು. ಇನ್ನೂ ಚಿಮುಕಿಸದ ಅರ್ಧ ತುಂಡುಗಳನ್ನು ಕೈಗೆತ್ತಿಕೊಂಡು ನಡುವೆ ಮೂಗಿಟ್ಟ. ಮೂರನೆಯದನ್ನು ಮೂಸಿ, ಇದರ ಹೊಟ್ಟೆಯೊಳಗೂ ಮೀನು ಈಜಿದೆ ಅಂದ. ಒಂಬತ್ತನೆಯದನ್ನು ಮೂಸಿ ಮತ್ತೆ ಮೂಸಿದ. "ಇದು ಹೊರಗೆ ಮಾತ್ರ ಫಸೀಖ್. ಒಳಗೆ ಬರೀ ಕಲ್ಲು."

ಅವನು ಅದನ್ನು ಡಾಕ್ಟರ ಮುಂದೆ ಹಿಡಿದ. ಡಾಕ್ಟರು ತಾನು ಯಾರು, ಯಾಕೆ ಮುಸುಕು ಹಾಕಿದ್ದೇನೆ ಎಲ್ಲ ಮರೆತರು. ಮುಸುಕನ್ನು ಗಲ್ಲಕ್ಕೆ ಎಳೆದು, ಕಣ್ಣು ಮುಚ್ಚಿ ಮೂಸಿದರು. ಕೈಗವಸು ಕಿತ್ತೆಸೆದು ಸೀಳಿದ ಮುಖದ ಮೇಲೆ ಬೆರಳಾಡಿಸಿದರು. ಬರೆದುಕೊಳ್ಳಿ ಇಂಜಿನಿಯರಮ್ಮ ಅಂತ ಶುರು ಮಾಡಿದರು. ಎಂಟು, ಒಂಬತ್ತನೇ ಕ್ಯೂಬುಗಳ ಕಾಂಕ್ರೀಟು ಈ ಲ್ಯಾಬಿಗೆ ಇದುವರೆಗೆ ಬಂದವುಗಳಲ್ಲೆಲ್ಲ ಉಪ್ಪಿಗೆ ಅತ್ಯಂತ ಕಡಿಮೆ ಜಾಗ ಕೊಟ್ಟದ್ದು. ಮಾಡಿದವನು ಯಾರೇ ಇರಲಿ, ಕೆಲಸ ಬಲ್ಲವನು. ಅವನನ್ನು ಹುಡುಕಿ ಕರೆಸತಕ್ಕದ್ದು.

ಬುಸೈನಾ ಒಂದಕ್ಷರ ಬಿಡದೆ ಬರೆದು, ಸಹಿಗೆ ಕೊಟ್ಟಳು. ಅವರು ಸಹಿ ಹಾಕಿದರು. ಆಮೇಲೆ ಅವಳು ಚೀಲದಿಂದ ಹಳೇ ನೋಟ್‌ಬುಕ್ಕು ತೆಗೆದು ಮೇಜಿನ ಮೇಲೆ ಬಿಡಿಸಿಟ್ಟಳು.

"ಒಂದರಿಂದ ಮೂರು ಸಾದಾ ಸಿಮೆಂಟು. ನಾಲ್ಕರಿಂದ ಆರು ಹಾರುಬೂದಿ. ಏಳರಿಂದ ಒಂಬತ್ತು ನೀವು ಕಸಕ್ಕೆ ಹಾಕಿಸಿದ ಉಮಿ ಬೂದಿ, ಡಾಕ್ಟರೇ. ಮಾಡಿದವನನ್ನ ಹುಡುಕೋದೇನೂ ಬೇಡ, ಎದುರಿಗೇ ನಿಂತಿದ್ದೀನಿ."

ಡಾಕ್ಟರು ನನ್ನ ಕಡೆ ನೋಡಿದರು. ನಾನು ನೆಲ ನೋಡಿದೆ. ಅವರು ಸಿಟ್ಟಿನ ಭರದಲ್ಲಿ ಹೇಳಿದರೂ, ಹೇಳಿದ್ದು ಒಪ್ಪುವ ಮಾತೇ. ಸಾದಾ ಕ್ಯೂಬನ್ನು ವರ್ಷದ ಹಿಂದೆ ಹಾಕಿ, ಬೂದಿಯವನ್ನು ಹೋದ ವಾರ ಹಾಕಿದ್ದರೆ? ಆಗಲೂ ಹೀಗೇ ಕಾಣುತ್ತಿತ್ತು. ಮುಚ್ಚಳದ ತಾರೀಕು ಅಂಗಡಿಯವಳೇ ಬರೆದದ್ದು. ಟಾರು ಯಾವತ್ತಿನದು ಅಂತ ಯಾರು ಬಲ್ಲರು? ಹೊರಗಿನವರೊಬ್ಬರು ಕಣ್ಣಾರೆ ಕಂಡಿರಬೇಕು. ಇಲ್ಲದಿದ್ದರೆ ಈ ವರದಿಗೆ ಬೆಲೆಯಿಲ್ಲ ಅಂದರು.

ಬುಸೈನಾಳ ಮುಖ ಇಳಿಯಿತು. ಅವಳಿಗೂ ಗೊತ್ತಿತ್ತು, ಆಕ್ಷೇಪ ಸರಿಯಾದದ್ದು.

ಹನಫಿ ಅಷ್ಟು ಹೊತ್ತಿನಿಂದ ಡಾಕ್ಟರ ಬೆರಳನ್ನೇ ನೋಡುತ್ತಿದ್ದ. ಕೈಗವಸು ಹೋದ ಮೇಲೆ ನೀಲಿ ಹರಳು ಹೊಳೆಯುತ್ತಿತ್ತು.

"ಬಡಗಿ ಸಾಹೇಬ್ರು" ಅಂದ ಮೆಲ್ಲಗೆ.

ಡಾಕ್ಟರು ಉಂಗುರದ ಕೈಯನ್ನು ಜೇಬಿಗೆ ಹಾಕಿದರು. ತಡವಾಗಿತ್ತು. ಅಕ್ಕ ಆಗಲೂ ಬಾಯಿ ಬಿಡಲಿಲ್ಲ, ಗಿರಾಕಿಯ ಗುಟ್ಟು ಅವಳಿಗೆ ಪ್ರಾಣಕ್ಕಿಂತ ಹೆಚ್ಚು. ಸುಮ್ಮನೆ ಛಾವಣಿ ನೋಡುತ್ತಾ ಕೂತಿದ್ದಳು. ಹನಫಿ ಮಹಜರು ಬಿಡಿಸಿ ಓದಿದ. ಹೋದ ವರ್ಷವೂ ಒಬ್ಬರು ಯಜಮಾನರು ಈ ಪೀಪಾಯಿಯ ಮೇಲೆ ಕೂತದ್ದುಂಟು, ಅವರ ಹೆಸರು ಹೇಳಲಾರೆ ಅಂತ ಅಂಗಡಿಯ ಯಜಮಾನಿ ಹೇಳಿಕೆ ಕೊಟ್ಟಿದ್ದಾಳೆ. ಆ ಯಜಮಾನರು ಸಿಕ್ಕರೆ ಸಾಕಲ್ಲವೇ ಅಂತ ಡಾಕ್ಟರನ್ನೇ ಕೇಳಿದ.

ಡಾಕ್ಟರು ಇಲ್ಲ ಅನ್ನಬಹುದಿತ್ತು. ಅಂದಿದ್ದರೆ ಬೂದಿಯೂ ಬುಸೈನಾಳೂ ಕಸಕ್ಕೆ, ಅವರ ಮಾನ ಅವರ ಹತ್ತಿರ. ನಾನು ಅವರ ಮುಖ ನೋಡುತ್ತಿದ್ದೆ. ಅವರು ಆ ಒಂಬತ್ತನೇ ತುಂಡನ್ನು ಮತ್ತೊಮ್ಮೆ ಕೈಗೆತ್ತಿಕೊಂಡು, ಬೆಳಕಿಗೆ ಹಿಡಿದು, ಬಹಳ ಹೊತ್ತು ನೋಡಿದರು. ಆಮೇಲೆ ಟೋಪಿ ತೆಗೆದು ಮೇಜಿನ ಮೇಲಿಟ್ಟರು.

"ಹೋದ ವರ್ಷ ಹಬ್ಬಕ್ಕೆ ಮುಂಚೆ ಅದರ ಮೇಲೆ ಕೂತಿದ್ದು ನಾನೇ. ಟಾರು ಹಸಿ ಇತ್ತು, ಬೂದು ಬಣ್ಣದ ಪ್ಯಾಂಟಿಗೆ ಅಂಟ್ತು. ಬಂದರಿನಲ್ಲಿ ಅಂಟ್ತು ಅಂತ ಮನೇಲಿ ಹೇಳ್ದೆ. ಒಳಗೇನ್ ಅಂತ ಕೇಳಿದ್ದಕ್ಕೆ ಕಲ್ಲು ಅಂದ್ರು. ಈ ಸಲ ನೋಡ್ದಾಗ ಅದೇ ಟಾರು, ಕೂತ ಗುರುತು ಹಾಗೇ ಇತ್ತು. ಮಧ್ಯೆ ಯಾರೂ ತೆಗೆದಿಲ್ಲ. ಬರ್ಕೊಳ್ಳಿ."

ಮುಚ್ಚಳ ಅಲ್ಲೇ ಇತ್ತಲ್ಲ. ಹನಫಿ ಅದನ್ನು ತಿರುಗಿಸಿ ನೋಡಿದ. ಅಂಚಿನ ಟಾರಿನಲ್ಲಿ ಬಟ್ಟೆಯ ನೇಯ್ಗೆ ಅಚ್ಚೊತ್ತಿತ್ತು, ಒಂದೆರಡು ಬೂದು ಎಳೆಯೂ ಸಿಕ್ಕಿಕೊಂಡಿತ್ತು. ಅವನು ಮಹಜರಿನಲ್ಲಿ 'ಬಡಗಿ' ಅನ್ನುವುದನ್ನು ಹೊಡೆದು ಹಾಕಿ 'ಲ್ಯಾಬಿನ ಮುಖ್ಯಸ್ಥರು' ಅಂತ ತಿದ್ದಿ, ಪಕ್ಕಕ್ಕೆ ಸಹಿ ಮಾಡಿಸಿಕೊಂಡ. ಅಕ್ಕನ ಮೇಲೆ ಏನೂ ತಪ್ಪಿಲ್ಲ ಅಂತಲೂ ಬರೆದ.

ನದಿಯ ಆ ದಡದ ಸುದ್ದಿ ಈ ದಡಕ್ಕೆ ದೋಣಿಗಿಂತ ಬೇಗ ಬರುತ್ತದೆ. ಸಂಜೆಯ ಹೊತ್ತಿಗೆ ಡಾಕ್ಟರ ಹೆಂಡತಿಗೆ ಎಲ್ಲ ತಿಳಿದಿತ್ತು. ಆ ವರ್ಷದ ಶಮ್ಮುನ್ನಸೀಮಿಗೆ ಅವರ ಮನೆಯಲ್ಲಿ ಉಪ್ಪಿಲ್ಲದೆ ಬೇಯಿಸಿದ ಸೋರೆಕಾಯಿ ಅಂತ ಕೇಳಿದೆ. ಮೂರು ವಾರ ಅದೇ. ನನ್ನನ್ನು ಡಾಕ್ಟರು ಒಂದು ತಿಂಗಳು ಮಾತಾಡಿಸಲಿಲ್ಲ. ಬುಸೈನಾಳನ್ನು ಮಾತ್ರ ಮರುದಿನವೇ ಕರೆದು, ಉಮಿ ಎಷ್ಟು ಬಿಸಿಗೆ ಸುಟ್ಟಿರಿ, ಎಷ್ಟು ಹೊತ್ತು ಬೀಸಿದಿರಿ ಅಂತ ಒಂದೊಂದಾಗಿ ಕೇಳಿ ಬರೆದುಕೊಂಡರು. ಒಂಬತ್ತು ಸಾಲದು, ತೊಂಬತ್ತು ಕ್ಯೂಬು ಮಾಡಿ, ಇಡೀ ತೊಟ್ಟಿ ನಿಮ್ಮದು ಅಂದರು. ವರದಿಯಲ್ಲಿ ಮೊದಲ ಹೆಸರು ತನ್ನದೇ ಇರಬೇಕು ಅಂತಲೂ ಅಂದರು. ಬುಸೈನಾ ಒಪ್ಪಿದಳು. ಅವಳದ್ದು ಒಂದೇ ಷರತ್ತು. ಬಾಯಿಗೆ ಸಿಗದ ದೊಡ್ಡ ಹೆಸರು ಇಡಬಾರದು, ಉಮಿ ಬೂದಿ ಅಂತಲೇ ಬರೆಯಬೇಕು.

ಚಳಿಗಾಲಕ್ಕೆ ಮುಂಚೆ ಸಮುದ್ರದ ಅಂಚಿಗೆ ಹನ್ನೆರಡು ದೊಡ್ಡ ದಿಮ್ಮಿಗಳನ್ನು ಆ ಕಾಂಕ್ರೀಟಿನಲ್ಲಿ ಎರಕ ಹೊಯ್ದರು. ಕೆಲಸದವರು ಇದೇನು ಕಾಡಿಗೆ ಕಲಸಿದ ಹಾಗಿದೆ ಅಂತ ಗೊಣಗಿದರು. ಅಲೆ ಬಂದು ಬಡಿಯುತ್ತಿದೆ, ದಿಮ್ಮಿಗಳು ನಿಂತಿವೆ. ಹದಿನೈದು ವರ್ಷದ ಮೇಲೆ ಏನಾಗುತ್ತದೋ ನೋಡಲು ನಾನಿರುತ್ತೇನೋ ಇಲ್ಲವೋ. ಗಿರಣಿಯವರಂತೂ ಉಮಿ ಸುಡುವುದನ್ನು ಬಿಟ್ಟು ಮೂಟೆ ಕಟ್ಟಿ ಇಡುತ್ತಿದ್ದಾರೆ.

ವರದಿ ಅಚ್ಚಾಗಿ ಬಂದ ದಿನ ಬುಸೈನಾ ಒಂದು ಪ್ರತಿ ಕೊಟ್ಟಳು. ಮೂರನೇ ಹೆಸರು ನನ್ನದು. ಅದನ್ನು ತೆಗೆದುಕೊಂಡು ದೋಣಿ ಹತ್ತಿ ಅಕ್ಕನ ಅಂಗಡಿಗೆ ಹೋದೆ. ಅಕ್ಕನಿಗೆ ಓದಲು ಬರುವುದಿಲ್ಲ. ಕೈ ಒರೆಸಿಕೊಂಡು ಎದುರಿಗೆ ಕೂತು, ಹೆಸರುಗಳನ್ನೆಲ್ಲ ಓದು ಅಂದಳು. ಓದಿದೆ. ನನ್ನದೆಲ್ಲಿ ಅಂದಳು. ಕೊನೇ ಪುಟದಲ್ಲಿ ಕೃತಜ್ಞತೆ ಅಂತ ಒಂದು ಸಾಲು ಇತ್ತು, ಉಪ್ಪುನೀರು ಒದಗಿಸಿದವರು ಸನಿಯ್ಯಾ ಅಂತ. ಅದನ್ನು ಎರಡು ಸಲ ಓದಿಸಿದಳು.

"ಬರೀ ಉಪ್ಪುನೀರಾ?" ಅಂದಳು. "ಫಸೀಖ್ ನೀರು ಅಂತ ಬರೆಸು. ಉಪ್ಪುನೀರು ಸಮುದ್ರದಲ್ಲೂ ಸಿಗುತ್ತೆ."

ನಾಳೆ ಹೇಳುತ್ತೇನೆ ಅಂದೆ. ನಾಳೆ ಅಲ್ಲ, ಈಗಲೇ ಫೋನು ಮಾಡು ಅಂತ ಎದ್ದು ಹೋಗಿ ಮೀನು ತೂಗತೊಡಗಿದಳು. ನಾನು ಅಲ್ಲೇ ನಿಂತು ಬುಸೈನಾಳಿಗೆ ಫೋನು ಹಚ್ಚಿದೆ.